ಕಡಿಮೆ ಊರು, ಹೆಚ್ಚು ಹೊತ್ತು

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಒಂದು ಪ್ರಶ್ನೆ ಏಳುತ್ತದೆ: "ಈ ಸಲ ಎಲ್ಲಿಗೆ?" ಅದರ ಬೆನ್ನಿಗೇ, ತಂದೆತಾಯಿಯರ ಮನಸ್ಸಿನಲ್ಲಿ ಮಾತ್ರ ಏಳುವ ಇನ್ನೊಂದು ಪ್ರಶ್ನೆ ಇದೆ: "ಎಷ್ಟಾಗುತ್ತದೆ?" ಮೊದಲನೆಯದನ್ನು ಎಲ್ಲರೂ ಸೇರಿ ಚರ್ಚಿಸುತ್ತೇವೆ. ಎರಡನೆಯದನ್ನು ರಾತ್ರಿ ನಿದ್ದೆಗೆಟ್ಟು ಒಬ್ಬರೇ ಯೋಚಿಸುತ್ತೇವೆ. ಕೊನೆಗೆ ಸಾಲ ಮಾಡಿ ಹೊರಟು, ಮೂರು ದಿನದ ಸಂತೋಷಕ್ಕೆ ವರ್ಷವಿಡೀ ಕಂತು ಕಟ್ಟುತ್ತೇವೆ. ಇಲ್ಲವೇ "ಮುಂದಿನ ವರ್ಷ ನೋಡೋಣ" ಎಂದು ಮಕ್ಕಳನ್ನು ಸುಮ್ಮನಾಗಿಸುತ್ತೇವೆ.

ಇನ್ನೊಂದು ದಾರಿಯೂ ಉಂಟು. ಖರ್ಚು ಕಡಿಮೆಯಾಗಲೆಂದು ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು. "ಈ ವಯಸ್ಸಿನಲ್ಲಿ ನನಗ್ಯಾಕಪ್ಪಾ ತಿರುಗಾಟ, ನೀವು ಹೋಗಿ ಬನ್ನಿ" ಎಂದು ಅವರೇ ಹೇಳಿಬಿಡುತ್ತಾರೆ. ನಾವೂ ಆ ಮಾತನ್ನು ಬಹಳ ಬೇಗ ಒಪ್ಪಿಕೊಂಡುಬಿಡುತ್ತೇವೆ.

ಸಾಲವೂ ಆಗದೆ, ಅಜ್ಜಿಯೂ ಮನೆಯಲ್ಲಿ ಉಳಿಯದೆ ಪ್ರವಾಸ ಹೋಗಲು ಸಾಧ್ಯವೇ? ಸಾಧ್ಯ. ಅದಕ್ಕೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಪ್ರವಾಸದ ಖರ್ಚು ಏರುವುದು ನೋಡುವುದರಿಂದಲ್ಲ, ಓಡುವುದರಿಂದ. ಇದನ್ನು ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಅಭ್ಯಾಸ ಮಾಡೋಣ.

ಮೊದಲು ಕುಳಿತು ಲೆಕ್ಕ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿ ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಪ್ರವಾಸಕ್ಕೂ ಆ ಬುದ್ಧಿ ಬೇಕು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ದಾರಿ, ವಸತಿ, ಊಟ, ನೋಡುವ ಶುಲ್ಕ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಮನೆಯಲ್ಲಿ ಎಷ್ಟು ಹಣವಿದೆ ಎಂಬುದು ಮಕ್ಕಳಿಗೆ ತಿಳಿದರೆ ನಾಚಿಕೆಪಡಬೇಕಾಗಿಲ್ಲ. ಲೆಕ್ಕ ಗೊತ್ತಿರುವ ಮಗು ದಾರಿಯಲ್ಲಿ ಕಂಡದ್ದಕ್ಕೆಲ್ಲ ಹಟ ಮಾಡುವುದು ಕಡಿಮೆ.

ತಂದೆ, ತಾಯಿ, ಅಜ್ಜಿ, 13 ವರ್ಷದ ಮಗಳು, 10 ವರ್ಷದ ಮಗ, ಹೀಗೆ ಐದು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಇವರು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ನೋಡಿದರೆ ಒಳಗೆ ಹೋಗುವ ಶುಲ್ಕ ಎಷ್ಟು? ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ನಿಗದಿಪಡಿಸಿದ ದರದ ಪ್ರಕಾರ ಭಾರತೀಯರಿಗೆ ಪಟ್ಟದಕಲ್ಲಿನಲ್ಲಿ 40 ರೂಪಾಯಿ, ಬಾದಾಮಿಯ ಗುಹೆಗಳಿಗೂ ಐಹೊಳೆಯ ದುರ್ಗ ಗುಡಿಯ ಆವರಣಕ್ಕೂ ತಲಾ 25 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ದೊಡ್ಡವರು ಮೂವರಿಗೆ 120, 75, 75. ಒಟ್ಟು 270 ರೂಪಾಯಿ. ನಗದಿನ ಬದಲು ಮೊಬೈಲಿನಲ್ಲಿ ಪಾವತಿಸಿದರೆ ಟಿಕೆಟ್ಟಿಗೆ 5 ರೂಪಾಯಿ ಕಡಿಮೆ.

ಅಂದರೆ ನಾಡಿನ ಶ್ರೇಷ್ಠ ಶಿಲ್ಪವನ್ನು ಐದು ಜನ ನೋಡಲು ಒಂದು ಸಾಧಾರಣ ಹೋಟೆಲಿನ ಊಟದಷ್ಟೂ ಖರ್ಚಿಲ್ಲ. ಹಾಗಾದರೆ ಹಣ ಹೋಗುವುದೆಲ್ಲಿ? ಊರಿಂದ ಊರಿಗೆ ಓಡುವುದರಲ್ಲಿ. ಮೂರು ದಿನದಲ್ಲಿ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರ ಎಲ್ಲವನ್ನೂ ಮುಗಿಸಬೇಕೆಂದು ಹೊರಟರೆ ಬಾಡಿಗೆ ಗಾಡಿ ಬೇಕು, ಮೂರು ಕಡೆ ಕೋಣೆ ಬೇಕು. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಐಹೊಳೆಗೆ ಸಿಗುವುದು ಅರ್ಧ ಗಂಟೆ. ಆ ಓಟಕ್ಕೆ ಅಜ್ಜಿಯ ಕಾಲು ಹೊಂದುವುದಿಲ್ಲ. ಊರುಗಳನ್ನು ಕಡಿಮೆ ಮಾಡಿ ನೋಡಿ. ಖರ್ಚೂ ಇಳಿಯುತ್ತದೆ, ಅಜ್ಜಿಯೂ ಬರಬಲ್ಲರು.

ದಾರಿಯ ಖರ್ಚು

ಮೈಸೂರು, ಬೆಂಗಳೂರು ಕಡೆಯವರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರೈಲು ಹುಬ್ಬಳ್ಳಿ, ಗದಗದ ಮೇಲೆ ಬಾದಾಮಿಗೆ ಹೋಗುತ್ತದೆ. ರಾತ್ರಿಯ ಪ್ರಯಾಣವಾದ್ದರಿಂದ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನಕ್ಕೆ ಇಳಿದಿದೆ. ರಜೆಯ ದಿನಾಂಕ ಗೊತ್ತಾದೊಡನೆ ಎರಡು ತಿಂಗಳು ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 5ರಿಂದ 12 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ. ಬರ್ತ್ ಬೇಕೆಂದರೆ ಪೂರ್ಣ ದರ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಬಸ್ಸಿನ ಲೆಕ್ಕ ಬೇರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿ ಜೊತೆಗಿರಲಿ, ಶೂನ್ಯ ಟಿಕೆಟ್ಟನ್ನು ಮರೆಯದೆ ಕೇಳಿ ಪಡೆಯಿರಿ. ಬಸ್ಸಿನಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ಆದ್ದರಿಂದ ನಮ್ಮ ಐದು ಜನರ ಕುಟುಂಬದಲ್ಲಿ ತಾಯಿ, ಅಜ್ಜಿ, ಮಗಳು ಮೂವರಿಗೂ ಖರ್ಚಿಲ್ಲ. ತಂದೆಗೆ ಒಂದು ಟಿಕೆಟ್, ಮಗನಿಗೆ ಅರ್ಧ. ಮನೆಯಲ್ಲಿ ಅಜ್ಜನೂ ಇದ್ದರೆ 60 ದಾಟಿದವರಿಗೆ ಟಿಕೆಟ್ಟಿನಲ್ಲಿ ನಾಲ್ಕನೇ ಒಂದು ಭಾಗ ರಿಯಾಯಿತಿಯಿದೆ.

ಈಗ ಗಮನಿಸಿ: ನಾವು ಖರ್ಚಿನ ನೆಪ ಹೇಳಿ ಬಿಟ್ಟು ಹೋಗುತ್ತಿದ್ದ ಅಜ್ಜಿಗೆ ಬಸ್ಸಿನಲ್ಲಿ ಒಂದು ಪೈಸೆಯ ಖರ್ಚೂ ಇಲ್ಲ. ಆದರೆ ರಾತ್ರಿಯಿಡೀ ವೇಗದೂತ ಬಸ್ಸಿನ ಸೀಟಿನಲ್ಲಿ ಅವರನ್ನು ಕೂರಿಸಬೇಡಿ. ಹಣ ಉಳಿದೀತು, ಮಂಡಿ ಉಳಿಯದು. ದೂರದ ದಾರಿಗೆ ರೈಲಿನ ಕೆಳಗಿನ ಬರ್ತ್, ಹತ್ತಿರದ ದಾರಿಗೆ ಬಸ್ಸು, ಇದು ಒಳ್ಳೆಯ ಹೊಂದಾಣಿಕೆ.

ಬಾದಾಮಿಯಲ್ಲಿ ಒಂದೇ ಕಡೆ ಕೋಣೆ ಹಿಡಿದು ಅಲ್ಲಿಂದಲೇ ಹೋಗಿ ಬನ್ನಿ. ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಐಹೊಳೆ ಸುಮಾರು 35. ಐಹೊಳೆಗೆ ಬಸ್ಸುಗಳು ಕಡಿಮೆ. ಸಂಜೆ ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರರನ್ನು ಕೇಳಿಕೊಳ್ಳಿ. ಆ ಬಸ್ಸು ತಪ್ಪಿದರೆ ದಿನವೆಲ್ಲ ಉಳಿಸಿದ್ದು ಒಂದು ಆಟೋ ಬಾಡಿಗೆಗೆ ಹೋಗಿಬಿಡುತ್ತದೆ.

ಯಾವಾಗ ಹೋಗಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ಈ ಕಡೆ ಬಿಸಿಲು 40 ಡಿಗ್ರಿಯ ಸುತ್ತ ಇರುತ್ತದೆ. ಕಾದ ಕಲ್ಲಿನ ಮೇಲೆ ಮಕ್ಕಳು, ವೃದ್ಧರು ಬಳಲುತ್ತಾರೆ. ಎಳನೀರು, ತಂಪು ಪಾನೀಯಗಳಿಗೇ ಕೈ ಖಾಲಿಯಾಗುತ್ತದೆ. ಮಳೆಗಾಲದಲ್ಲಿ ಮಲಪ್ರಭೆಯನ್ನು ಗಮನಿಸಬೇಕು. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಪಟ್ಟದಕಲ್ಲು, ಐಹೊಳೆಗೆ ನೀರು ನುಗ್ಗಿತ್ತು. ದಸರಾ ರಜೆಯಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವಿನ ವಾರ, ಶನಿವಾರ ಭಾನುವಾರಗಳು, ಇವನ್ನು ಬಿಟ್ಟು ವಾರದ ನಡುವೆ ಹೋದರೆ ಕೋಣೆಗೆ ನೂಕುನುಗ್ಗಲಿಲ್ಲ. ಭಾನುವಾರದ ಬಲಿಪೂಜೆಗೆ ನಿಮ್ಮದೇ ಧರ್ಮಕೇಂದ್ರದಲ್ಲಿ ಇರಬಹುದು. ಶುಕ್ರವಾರ ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ರಜೆ. ಆ ದಿನವನ್ನು ಬಾದಾಮಿಯ ಗುಹೆಗಳಿಗೆ ಇಟ್ಟುಕೊಳ್ಳಿ.

ಐಹೊಳೆಯಲ್ಲಿ ಒಂದು ದಿನ

ನೂರಕ್ಕೂ ಹೆಚ್ಚು ಗುಡಿಗಳಿರುವ ಊರು ಇದು. ಎಲ್ಲವನ್ನೂ ನೋಡುವ ಆಸೆ ಬೇಡ. ಐದನ್ನು ಚೆನ್ನಾಗಿ ನೋಡಿ.

ಬೆಳಗಿನ ತಂಪಿನಲ್ಲಿ ಮೊದಲು ಮೇಗುತಿ ಬೆಟ್ಟ ಹತ್ತಿ. ಮೇಲಿನ ಜೈನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ತಡೆದ ಸಂಗತಿ ಅದರಲ್ಲಿ ಉಂಟು. ಕಾಳಿದಾಸ, ಭಾರವಿಯರ ಹೆಸರೂ ಉಂಟು. ಮಕ್ಕಳು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಾಲು ಇಲ್ಲಿ ಕಲ್ಲಿನ ಮೇಲೆ ಕಾಣುತ್ತದೆ. ಅದೇ ಬೆಟ್ಟದಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿಯೂ ಇದೆ. ಹತ್ತಲಾರದ ಅಜ್ಜಿಯೊಡನೆ ದೊಡ್ಡವರೊಬ್ಬರು ಕೆಳಗೆ ನೆರಳಿನಲ್ಲಿ ಕೂರಲಿ. ಮುಂದಿನ ಗುಡಿಗಳಿಗೆ ಅಂಥ ಹತ್ತುವಿಕೆ ಇಲ್ಲ.

ಇಳಿದ ಮೇಲೆ ರಾವಣಫಡಿಗೆ ಹೋಗಿ. ಬಂಡೆಯನ್ನೇ ಕೊರೆದು ಮಾಡಿದ ಈ ಶೈವ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನಿದ್ದಾನೆ. ಅಲ್ಲಿಂದ ದುರ್ಗ ಗುಡಿಗೆ ಬನ್ನಿ. ಇದು ದುರ್ಗಾದೇವಿಯ ಹೆಸರಲ್ಲ. ಕೋಟೆ ಎಂಬ ಅರ್ಥದ ದುರ್ಗ. ಆನೆಯ ಬೆನ್ನಿನಂತೆ ದುಂಡಾದ ಹಿಂಭಾಗವನ್ನು ಸುತ್ತುವ ಮೊಗಸಾಲೆಯಲ್ಲಿ ನಿಧಾನವಾಗಿ ನಡೆಯಿರಿ. ಇಲ್ಲಿ ನೆರಳಿದೆ, ಅಜ್ಜಿಯೂ ಸುತ್ತಬಹುದು. ಪಕ್ಕದ ಲಾಡಖಾನ್ ಗುಡಿಯಲ್ಲಿ ಮಕ್ಕಳಿಗೊಂದು ಕೆಲಸ ಕೊಡಿ: ಚಾವಣಿಯ ಚಪ್ಪಡಿಗಳ ಸಂದುಗಳ ಮೇಲೆ ಮರದ ತೊಲೆಯಂತೆ ಕಾಣುವ ಉದ್ದನೆಯ ಕಲ್ಲುಗಳು ಏಕಿವೆ? ಮರದ ಮನೆ ಕಟ್ಟಿ ಗೊತ್ತಿದ್ದ ಕೈಗಳು ಕಲ್ಲಿನಲ್ಲಿ ಕಟ್ಟಲು ಕಲಿಯುತ್ತಿದ್ದ ಕಾಲದ ಗುರುತು ಅದು. ಒಬ್ಬ ಲಾಡಖಾನ್ ಎಂಬಾತ ಅಲ್ಲಿ ವಾಸವಾಗಿದ್ದನೆಂದು ಆ ಹೆಸರು ಬಂತು. ಸಂಜೆ ಹೊತ್ತಿಗೆ ಮಲಪ್ರಭೆಯ ದಡದ ಗಳಗನಾಥ ಗುಡಿಗಳ ಬಳಿ ಕುಳಿತರೆ ದಿನ ತುಂಬುತ್ತದೆ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದೇ ಊರಿನಲ್ಲಿವೆ ಎಂಬುದನ್ನು ಮಕ್ಕಳಿಗೆ ತೋರಿಸಿ ಹೇಳಿ. ಪೂಜೆ ನಡೆಯುವಲ್ಲಿ ಚಪ್ಪಲಿ ಕಳಚಿ, ದನಿ ತಗ್ಗಿಸಿ.

ಐಹೊಳೆಯವರೂ ಒಂದು ಕಾಲಕ್ಕೆ ದೊಡ್ಡ ಪ್ರಯಾಣಿಕರು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ದಕ್ಷಿಣ ಭಾರತದ ತುಂಬ ಶಾಸನಗಳಲ್ಲಿದೆ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಅಷ್ಟು ದೂರ ವ್ಯಾಪಾರಕ್ಕೆ ಹೋದವರು ಲೆಕ್ಕವಿಲ್ಲದೆ ಹೊರಟಿರಲಾರರು.

ಎಲ್ಲಿ ಉಳಿಸಬಾರದು

ಊಟದಲ್ಲಿ ಉಳಿತಾಯಕ್ಕೆ ಹಾದಿಯಿದೆ. ಮೊದಲ ದಿನಕ್ಕೆ ಮನೆಯಿಂದಲೇ ಚಪಾತಿ, ಚಟ್ನಿಪುಡಿ, ನೀರಿನ ಬಾಟಲಿಗಳನ್ನು ಕಟ್ಟಿಕೊಳ್ಳಿ. ಬಾದಾಮಿ ಸಮೀಪದ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಬಡಿಸುತ್ತಾರೆ. ದೊಡ್ಡ ಹೋಟೆಲಿಗಿಂತ ಅಗ್ಗ, ರುಚಿಯೂ ಹೆಚ್ಚು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಇವೆಲ್ಲ ಈ ಸುತ್ತಿನವೇ. ಏನು ಕೊಳ್ಳಬೇಕು ಎಂಬುದನ್ನೂ ಆ ನಾಲ್ಕು ಸಾಲಿನ ಕೆಳಗೆ ಐದನೆಯದಾಗಿ ಮನೆಯಲ್ಲೇ ಬರೆದುಕೊಳ್ಳಿ.

ಆದರೆ ರೊಟ್ಟಿ ಮಾರುವ ತಾಯಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಿ ಅದನ್ನು ಉಳಿತಾಯವೆಂದು ಕರೆಯಬೇಡಿ. ಎರಡು ಗಂಟೆ ಬಿಸಿಲಿನಲ್ಲಿ ನಿಂತು ಕಲ್ಲಿನ ಕಥೆ ಹೇಳಿದ ಮಾರ್ಗದರ್ಶಿಗೆ ಮೊದಲೇ ಒಪ್ಪಿದ ಕೂಲಿಯನ್ನು ಕಡಿಮೆ ಮಾಡಬೇಡಿ. 13 ವರ್ಷದ ಮಗನನ್ನು 12 ಎಂದು ಕಂಡಕ್ಟರರ ಮುಂದೆ ಹೇಳಿಸಬೇಡಿ. ಅರ್ಧ ಟಿಕೆಟ್ಟು ಉಳಿಯುತ್ತದೆ ನಿಜ; ಆದರೆ ಅಪ್ಪ ಅಮ್ಮ ಸುಳ್ಳು ಹೇಳಿಸಿದರು ಎಂಬುದು ಮಗುವಿನ ನೆನಪಿನಲ್ಲಿ ದುರ್ಗ ಗುಡಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಸುಖದಲ್ಲಿ ಕಡಿತ ಮಾಡಿದರೆ ಅದು ಮಿತವ್ಯಯ. ಇನ್ನೊಬ್ಬರ ಕೂಲಿಯಲ್ಲಿ ಕಡಿತ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಪ್ರಿಯ ಓದುಗರೇ, ಈ ಸಲ ರಜೆಯ ಮಾತು ಬಂದಾಗ ಆರು ಊರುಗಳ ಪಟ್ಟಿಯಲ್ಲಿ ನಾಲ್ಕನ್ನು ಹೊಡೆದು ಹಾಕಿ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿ: "ಅಮ್ಮಾ, ನೀವೂ ಬರುತ್ತೀರಲ್ಲ?" ಅವರು ಮೊದಲು ಬೇಡವೆನ್ನುತ್ತಾರೆ. ಇನ್ನೊಂದು ಸಲ ಕೇಳಿ.

ಮನೆಯಲ್ಲಿ ಚರ್ಚಿಸಲು

1. ಕಳೆದ ಪ್ರವಾಸದಲ್ಲಿ ಹೆಚ್ಚು ಹಣ ಹೋದದ್ದು ದಾರಿಗೋ, ವಸತಿಗೋ, ಕೊಳ್ಳುವುದಕ್ಕೋ? ನೆನಪಿದ್ದಷ್ಟು ಬರೆಯಿರಿ.

2. ಅಲ್ಲಿ ನೋಡಿದ ಸ್ಥಳಗಳಲ್ಲಿ ಎಷ್ಟನ್ನು ಮಕ್ಕಳು ಈಗ ವರ್ಣಿಸಬಲ್ಲರು?

3. ನಮ್ಮ ಮನೆಯಲ್ಲಿ ಯಾರು ಪ್ರತಿ ಸಲವೂ "ನೀವು ಹೋಗಿ ಬನ್ನಿ" ಎನ್ನುತ್ತಾರೆ? ಅವರು ಬರಬೇಕಾದರೆ ನಾವು ಯಾವ ಊರನ್ನು ಬಿಡಬೇಕು?