ಸಂಖ್ಯೆಯನ್ನು ಬಿಡಿಸುವ ಕ್ರಮ: ಅಪವರ್ತನ, ಅಪವರ್ತ್ಯ, ಅವಿಭಾಜ್ಯತೆ

ಒಂದು ಸಂಖ್ಯೆ ಅವಿಭಾಜ್ಯವೇ, ಅದಕ್ಕೆ ಎಷ್ಟು ಅಪವರ್ತನಗಳಿವೆ, ಎರಡು ಸಂಖ್ಯೆಗಳ ಮ.ಸಾ.ಅ. ಮತ್ತು ಲ.ಸಾ.ಅ. ಎಷ್ಟು ಎಂಬ ಪ್ರಶ್ನೆಗಳು ಶಾಲಾ ಗಣಿತದಲ್ಲಿ ಬಿಡಿಬಿಡಿಯಾಗಿ ಬರುತ್ತವೆಯಾದರೂ, ಇವೆಲ್ಲಕ್ಕೂ ಉತ್ತರ ದೊರೆಯುವುದು ಸಂಖ್ಯೆಯನ್ನು ಅದರ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವ ಒಂದೇ ಕೆಲಸದಿಂದ. ಆ ಕೆಲಸದ ಕ್ರಮವನ್ನೂ ಪ್ರತಿ ಹಂತದ ಕಾರಣವನ್ನೂ ಇಲ್ಲಿ ವಿವರಿಸಲಾಗಿದೆ.

ಹಂತ 1: ಪದಗಳ ಅರ್ಥ

12ನ್ನು 3ರಿಂದ ಭಾಗಿಸಿದಾಗ ಶೇಷ ಉಳಿಯುವುದಿಲ್ಲವಾದ್ದರಿಂದ 3 ಎಂಬುದು 12ರ ಅಪವರ್ತನ, 12 ಎಂಬುದು 3ರ ಅಪವರ್ತ್ಯ. 1 ಮತ್ತು ಆ ಸಂಖ್ಯೆ ಎಂಬ ಎರಡೇ ಅಪವರ್ತನಗಳುಳ್ಳದ್ದು ಅವಿಭಾಜ್ಯ ಸಂಖ್ಯೆ. ಎರಡಕ್ಕಿಂತ ಹೆಚ್ಚು ಅಪವರ್ತನಗಳುಳ್ಳ, ಸೊನ್ನೆಯಲ್ಲದ ಪೂರ್ಣಸಂಖ್ಯೆಯು ಸಂಯುಕ್ತ ಸಂಖ್ಯೆ. 1ಕ್ಕೆ ಒಂದೇ ಅಪವರ್ತನವಿರುವುದರಿಂದ ಅದು ಎರಡೂ ಗುಂಪಿಗೆ ಸೇರುವುದಿಲ್ಲ.

ಹಂತ 2: ಅವಿಭಾಜ್ಯತೆಯ ಪರೀಕ್ಷೆ

ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಜೋಡಿಯ ಎರಡೂ ಸಂಖ್ಯೆಗಳು ವರ್ಗಮೂಲಕ್ಕಿಂತ ದೊಡ್ಡವಾಗಿದ್ದರೆ ಅವುಗಳ ಗುಣಲಬ್ಧವು ಮೂಲ ಸಂಖ್ಯೆಯನ್ನು ಮೀರಿಬಿಡುವುದರಿಂದ, ಅವುಗಳಲ್ಲಿ ಒಂದಾದರೂ ವರ್ಗಮೂಲದ ಒಳಗೇ ಇರಬೇಕಾಗುತ್ತದೆ. ಆದಕಾರಣ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು.

391 ಮತ್ತು 397 ಇವೆರಡರ ವರ್ಗಮೂಲವೂ 20ಕ್ಕಿಂತ ಕಡಿಮೆಯಾದ್ದರಿಂದ 2, 3, 5, 7, 11, 13, 17, 19 ಇವಿಷ್ಟನ್ನು ಪರೀಕ್ಷಿಸಬೇಕು. ಕೊನೆಯ ಅಂಕಿ ಸಮವಲ್ಲದ್ದರಿಂದ 2, ಅದು 0 ಅಥವಾ 5 ಆಗಿಲ್ಲದ್ದರಿಂದ 5, ಅಂಕಿಗಳ ಮೊತ್ತ 3ರ ಅಪವರ್ತ್ಯವಲ್ಲದ್ದರಿಂದ 3 ಎರಡೂ ಕಡೆ ಬಿಟ್ಟುಹೋಗುತ್ತವೆ. ಉಳಿದವುಗಳಿಂದ ನೇರವಾಗಿ ಭಾಗಿಸಬೇಕು. 391 ಎಂಬುದು 17 × 23 ಆಗಿರುವುದರಿಂದ ಸಂಯುಕ್ತ. 397ನ್ನು ಎಂಟರಲ್ಲಿ ಯಾವುದೂ ನಿಶ್ಶೇಷವಾಗಿ ಭಾಗಿಸದ್ದರಿಂದ ಅದು ಅವಿಭಾಜ್ಯ. 7ರ ಬಳಿಕ ಪರೀಕ್ಷೆಯನ್ನು ನಿಲ್ಲಿಸಿದವರಿಗೆ 391 ಕೂಡ ಅವಿಭಾಜ್ಯವೆಂದೇ ತೋರುತ್ತದೆ.

ಹಂತ 3: ಪೂರ್ಣವಾಗಿ ಬಿಡಿಸುವುದು

ಅತಿ ಚಿಕ್ಕ ಅವಿಭಾಜ್ಯ ಅಪವರ್ತನದಿಂದ ಆರಂಭಿಸಿ, ದೊರೆತ ಭಾಗಲಬ್ಧವನ್ನು ಮತ್ತೆ ಮತ್ತೆ ಭಾಗಿಸುತ್ತ 1 ಬರುವವರೆಗೆ ಮುಂದುವರಿಯಬೇಕು. ಹೀಗೆ 360 = 2 × 2 × 2 × 3 × 3 × 5, ಅಂದರೆ 2³ × 3² × 5 ಎಂದಾಗುತ್ತದೆ. ಯಾವ ದಾರಿಯಿಂದ ಬಿಡಿಸಿದರೂ ಇದೇ ಅವಿಭಾಜ್ಯಗಳು ಇಷ್ಟೇ ಸಲ ಬರುತ್ತವೆ ಎಂಬುದು ಅಂಕಗಣಿತದ ಮೂಲಭೂತ ಪ್ರಮೇಯ. 1ನ್ನು ಅವಿಭಾಜ್ಯವೆಂದು ಒಪ್ಪಿದರೆ ಅದನ್ನು ಎಷ್ಟು ಸಲ ಬೇಕಾದರೂ ಗುಣಿಸಿ ಬರೆಯಬಹುದಾದ್ದರಿಂದ ಈ ಅನನ್ಯತೆ ಕೆಡುತ್ತದೆ.

ಹಂತ 4: ಅಪವರ್ತನಗಳ ಎಣಿಕೆ

360ರ ಪ್ರತಿ ಅಪವರ್ತನದಲ್ಲೂ 2 ಎಂಬುದು 0ಯಿಂದ 3ರವರೆಗಿನ ನಾಲ್ಕು ಘಾತಗಳಲ್ಲಿ, 3 ಎಂಬುದು ಮೂರು ಘಾತಗಳಲ್ಲಿ, 5 ಎಂಬುದು ಎರಡು ಘಾತಗಳಲ್ಲಿ ಇರಬಹುದು. ಆದ್ದರಿಂದ ಘಾತಾಂಕಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 4 × 3 × 2 = 24 ಅಪವರ್ತನಗಳು ದೊರೆಯುತ್ತವೆ.

ಹಂತ 5: ಮ.ಸಾ.ಅ. ಮತ್ತು ಲ.ಸಾ.ಅ.

84 = 2² × 3 × 7. 360 ಮತ್ತು 84ರಲ್ಲಿ ಸಮಾನವಾಗಿರುವ ಅವಿಭಾಜ್ಯಗಳ ಕಿರಿಯ ಘಾತಗಳನ್ನು ಗುಣಿಸಿದರೆ ಮಹತ್ತಮ ಸಾಮಾನ್ಯ ಅಪವರ್ತನ 12, ಎಲ್ಲ ಅವಿಭಾಜ್ಯಗಳ ಹಿರಿಯ ಘಾತಗಳನ್ನು ಗುಣಿಸಿದರೆ ಲಘುತಮ ಸಾಮಾನ್ಯ ಅಪವರ್ತ್ಯ 2520. ಇವೆರಡರ ಗುಣಲಬ್ಧವೂ 360 × 84 ಎಂಬುದೂ 30,240 ಆಗಿರುವುದು ಲೆಕ್ಕ ಸರಿಯೆಂಬುದಕ್ಕೆ ತಾಳೆ. ಭಿನ್ನರಾಶಿಗಳನ್ನು ಕೂಡಿಸುವಾಗ ಲ.ಸಾ.ಅ.ವನ್ನು ಬಳಸುವ ವಿಧಾನವನ್ನು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ನಿರೂಪಿಸಿದ್ದಾನೆ.

ಸಂಖ್ಯೆಗಳನ್ನು ಬಿಡಿಸುವುದು ಕಷ್ಟವಾದಾಗ ಯೂಕ್ಲಿಡನ ವಿಧಾನ ನೆರವಾಗುತ್ತದೆ: 360ನ್ನು 84ರಿಂದ ಭಾಗಿಸಿದರೆ ಶೇಷ 24, 84ನ್ನು 24ರಿಂದ ಭಾಗಿಸಿದರೆ ಶೇಷ 12, 24ನ್ನು 12ರಿಂದ ಭಾಗಿಸಿದರೆ ಶೇಷ 0, ಕೊನೆಯ ಭಾಜಕವಾದ 12 ಎಂಬುದೇ ಮ.ಸಾ.ಅ.

ಕ್ರಮದ ಮಿತಿ

ನೂರಾರು ಅಂಕಿಗಳ ಸಂಖ್ಯೆಗೆ ವರ್ಗಮೂಲದವರೆಗೆ ಭಾಗಿಸುವುದು ಕಂಪ್ಯೂಟರಿಗೂ ಅಸಾಧ್ಯ. ಅಪವರ್ತನಗಳನ್ನು ಹುಡುಕದೆಯೇ ಅವಿಭಾಜ್ಯತೆಯನ್ನು ನಿಶ್ಚಿತವಾಗಿ ಮತ್ತು ದಕ್ಷವಾಗಿ ನಿರ್ಣಯಿಸಬಹುದೆಂದು ಕಾನ್ಪುರದ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರಲ್ಲಿ ತೋರಿಸಿಕೊಟ್ಟರು. ಆದರೆ ಸಂಯುಕ್ತವೆಂದು ತಿಳಿದ ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಹೊರತೆಗೆಯುವ ಅಂಥ ದಕ್ಷ ವಿಧಾನ ಸಾಮಾನ್ಯ ಕಂಪ್ಯೂಟರುಗಳಿಗೆ ಇನ್ನೂ ದೊರೆತಿಲ್ಲ. ಆರ್‌ಎಸ್‌ಎ ಎಂಬ ಗೂಢಲಿಪಿ ಪದ್ಧತಿಯ ಭದ್ರತೆ ನಿಂತಿರುವುದು ಈ ಕಷ್ಟದ ಮೇಲೆಯೇ.