ನಾಲಿಗೆಯ ಪೊರೆ: ಬಿಡಿಸಬೇಕೇ, ಬಿಡಬೇಕೇ?

ಪ್ರಶ್ನೆ: ಚೊಚ್ಚಲ ಬಾಣಂತಿ ನಾನು. ಮಗುವಿಗೆ ಹದಿನೆಂಟು ದಿನ. ಹಾಲು ಕುಡಿಯುವಾಗ ಮೊಲೆತೊಟ್ಟು ಪದೇಪದೇ ಜಾರುತ್ತದೆ, ಟಕ್ ಟಕ್ ಎಂದು ಸದ್ದಾಗುತ್ತದೆ. ತೊಟ್ಟು ಬಿರಿದು ರಕ್ತ ಬರುತ್ತಿದೆ. ಒಬ್ಬ ವೈದ್ಯರು ‘ಟಂಗ್ ಟೈ ಇದೆ, ಲೇಸರ್‌ನಲ್ಲಿ ಬಿಡಿಸಿ’ ಎಂದರು. ಇನ್ನೊಬ್ಬರು ‘ಏನೂ ಬೇಡ’ ಎಂದರು. ಅತ್ತೆ ‘ಮೊದಮೊದಲು ಹಾಗೇ, ಸಹಿಸಿಕೋ’ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲೆರಡು ದಿನ ತೊಟ್ಟು ಸ್ವಲ್ಪ ನೋಯಬಹುದು. ಆದರೆ ಹದಿನೆಂಟನೆಯ ದಿನ ರಕ್ತ ಬರುವುದು ಸಹಿಸಿಕೊಳ್ಳಬೇಕಾದ ವಿಷಯವಲ್ಲ. ನಿಮ್ಮ ನೋವಿಗೂ ಚಿಕಿತ್ಸೆ ಬೇಕು.

ಇಂದೇ ಮಗುವಿನ ತೂಕ ನೋಡಿಸಿ. ಹುಟ್ಟಿದ ಮೇಲೆ ಇಳಿದ ತೂಕ ಹತ್ತರಿಂದ ಹದಿನಾಲ್ಕು ದಿನದೊಳಗೆ ಮರಳಿ ಬರಬೇಕು. ಆಮೇಲೆ ದಿನಕ್ಕೆ ಸುಮಾರು 25–30 ಗ್ರಾಂ ಏರಬೇಕು. ದಿನಕ್ಕೆ ಆರು ಸಲವಾದರೂ ಮೂತ್ರ ಹೋಗಬೇಕು. ಇದರಲ್ಲಿ ಕೊರತೆಯಿದ್ದರೆ ಪೊರೆಯ ತೀರ್ಮಾನಕ್ಕೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಿ.

ನಾಲಿಗೆಯಡಿ ಪೊರೆ ಎಲ್ಲರಿಗೂ ಇರುತ್ತದೆ. ಅದು ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದು ನಾಲಿಗೆಯ ಚಲನೆಗೆ ಅಡ್ಡಿಯಾದಾಗ ಮಾತ್ರ ಟಂಗ್ ಟೈ ತೊಂದರೆಯಾಗುತ್ತದೆ. ನೋಡಲು ಹಾಗೆ ಕಾಣುವ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳಿಗಷ್ಟೇ ಹಾಲು ಕುಡಿಯಲು ಕಷ್ಟವಾಗುತ್ತದೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೇಳಿದೆ. ಆದ್ದರಿಂದ ಬರಿಯ ಬಾಯಿ ನೋಡಿ ‘ಕತ್ತರಿಸಿ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಹಾಲೂಡಿಸುವುದನ್ನು ಅನುಭವಿ ನರ್ಸೋ ಹಾಲೂಡಿಕೆಯ ಸಲಹೆಗಾರ್ತಿಯೋ ಪಕ್ಕದಲ್ಲಿ ಕೂತು ಪೂರ್ತಿ ನೋಡಬೇಕು. ಮಗುವಿನ ಹೊಟ್ಟೆ ನಿಮ್ಮ ಮೈಗೆ ತಾಗಿರಲಿ. ಅದು ಬಾಯಿ ಅಗಲವಾಗಿ ತೆರೆದಾಗ ಎದೆಗೆ ಹಚ್ಚಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ಒತ್ತಿರಬೇಕು. ಎಷ್ಟೋ ತಾಯಂದಿರಿಗೆ ಇಷ್ಟರಿಂದಲೇ ನೋವು ಇಳಿಯುತ್ತದೆ.

ಇಷ್ಟಾದರೂ ನೋವು ಇಳಿಯದೆ, ನಾಲಿಗೆ ಕೆಳ ವಸಡನ್ನು ದಾಟಿ ಮುಂದೆ ಬಾರದಿದ್ದರೆ ಬಿಡಿಸುವುದು ಸರಿ. ಆಗ ಹೆದರಿ ಮುಂದೂಡಬೇಡಿ. ಮೊಂಡು ತುದಿಯ ಕತ್ತರಿಯಿಂದ ಕೆಲವೇ ಸೆಕೆಂಡಿನ ಕೆಲಸ. ಒಂದೆರಡು ಹನಿ ರಕ್ತ ಬರಬಹುದು. ಕೂಡಲೇ ಎದೆಗೆ ಹಚ್ಚಿದರೆ ಮಗು ಸಮಾಧಾನವಾಗುತ್ತದೆ. ಗಾಯದ ಜಾಗದಲ್ಲಿ ಕೆಲವು ದಿನ ಕಾಣುವ ಬಿಳಿ ಕಲೆ ಕೀವಲ್ಲ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯೇ, ಮನೆತನದಲ್ಲಿ ರಕ್ತಸ್ರಾವದ ಕಾಯಿಲೆ ಇದೆಯೇ ಎಂಬುದನ್ನು ಮೊದಲೇ ಹೇಳಿ. ಲೇಸರ್ ಕತ್ತರಿಗಿಂತ ಮೇಲು ಎಂಬುದಕ್ಕೆ ಆಧಾರವಿಲ್ಲ. ಅದಕ್ಕೆಂದು ಹೆಚ್ಚು ಹಣ ಸುರಿಯಬೇಡಿ. ಆಮೇಲೆ ಗಾಯವನ್ನು ದಿನವೂ ಬೆರಳಿನಿಂದ ಎಳೆದು ಹಿಗ್ಗಿಸುವ ವ್ಯಾಯಾಮದಿಂದಲೂ ಲಾಭ ಕಂಡಿಲ್ಲ. ಮಗು ಅಳುತ್ತದೆ ಅಷ್ಟೇ.

ಪೊರೆ ಬಿಡಿಸುವುದರಿಂದ ಫಲ ಎಷ್ಟು? 302 ಮಕ್ಕಳ ಐದು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯ ಪ್ರಕಾರ, ತಾಯಿಯ ನೋವು ಸದ್ಯಕ್ಕೆ ಕಡಿಮೆಯಾಗುತ್ತದೆ. ಮಗುವಿನ ಹಾಲು ಕುಡಿಯುವಿಕೆ ಸುಧಾರಿಸುತ್ತದೆಂದು ಖಚಿತವಾಗಿ ಹೇಳಲಾಗಲಿಲ್ಲ. ಹಾಗಾಗಿ ಪೊರೆ ಬಿಡಿಸಿದ ಮೇಲೂ ಹಾಲೂಡಿಸುವ ಸಹಾಯ ಮುಂದುವರಿಯಲಿ.

ಪ್ರಶ್ನೆ: ಎರಡು ತಿಂಗಳ ಮೊಮ್ಮಗನಿಗೆ ನಾಲಿಗೆ ಅಂಟಿದೆ. ಹಾಲು ಚೆನ್ನಾಗಿ ಕುಡಿಯುತ್ತಾನೆ, ಮೈ ತುಂಬಿಕೊಂಡಿದ್ದಾನೆ. ಮುಂದೆ ಮಾತು ತೊದಲೀತೆಂದು ಭಯ. ಈಗಲೇ ಕತ್ತರಿಸಬಹುದೇ? ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಿದರೆ?
– ಒಬ್ಬ ಅಜ್ಜಿ, ಸಾಗರ

ಉತ್ತರ: ಅಮ್ಮಾ, ಎರಡೂ ಬೇಡ. ಮಾತಿನ ತೊಂದರೆ ಬಾರದಿರಲಿ ಎಂದು ಎಳೆಗೂಸಿನ ಪೊರೆ ಬಿಡಿಸುವುದಕ್ಕೆ ಸರಿಯಾದ ಆಧಾರವಿಲ್ಲ. ಪೊರೆ ಬಿಗಿಯಾಗಿದ್ದೂ ಸ್ಪಷ್ಟವಾಗಿ ಮಾತಾಡುವವರು ಬಹಳ ಮಂದಿ. ಮುಂದೆ ಉಚ್ಚಾರದಲ್ಲಿ ತೊಡಕು ಕಂಡರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷಿಸಬಹುದು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಉಗುರಿನಿಂದಲೋ ಬ್ಲೇಡಿನಿಂದಲೋ ಪೊರೆ ಬಿಡಿಸಲು ಮನೆಯಲ್ಲಿ ಯಾರಿಗೂ ಅವಕಾಶ ಕೊಡಬೇಡಿ.