ಕೋಳಿ ಮಂಕಾದಾಗ ಏನು ನೋಡಬೇಕು?



ಯಾರ ಯಾರ ಮನೆಯಲ್ಲಿ ಕೋಳಿ ಇವೆ ಎಂದು ವಿಜ್ಞಾನದ ಮೇಷ್ಟ್ರು ಕೇಳಿದಾಗ ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. ಅವಕ್ಕೆ ಲಸಿಕೆ ಹಾಕಿಸಿದವರು ಯಾರು ಎಂದಾಗ ಒಂದು ಕೈಯೂ ಏಳಲಿಲ್ಲ. ನನ್ನದೂ ಇಲ್ಲ. ಅದಕ್ಕೇ ಈ ಪಾಠ ಬರೆದಿದ್ದೇನೆ.

ಹೋದ ಬೇಸಿಗೆಯಲ್ಲಿ ನಮ್ಮ ಮನೇಲಿ ಹನ್ನೊಂದು ಕೋಳಿ ಇದ್ದವು. ಎಲ್ಲಾ ಅವ್ವನವು. ಮೊಟ್ಟೆ ಮಾರಿದ ದುಡ್ಡಿನಲ್ಲೇ ನನ್ನ ನೋಟ್‌ಬುಕ್ಕು, ಪೆನ್ನು ಬರುತ್ತಿದ್ದವು. ಸಂತೆಯಿಂದ ಇನ್ನೊಂದು ಹ್ಯಾಟೆ ತಂದು, ಅವತ್ತೇ ರಾತ್ರಿ ಎಲ್ಲದರ ಜೊತೆ ಬುಟ್ಟಿ ಕೆಳಗೆ ಮುಚ್ಚಿದ್ವಿ. ವಾರದೊಳಗೆ ಅದು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತಾ ಕೂತಿತು. "ಬಿಸಿಲಿಗೆ ಹಂಗಾಗೈತಿ ಬಿಡು" ಅಂದ್ಲು ಅಜ್ಜಿ. ಆಮೇಲೆ ಒಂದರ ಹಿಂದೆ ಒಂದು. ಏಳು ಸತ್ತವು. ಸಾಯೋ ಮುಂಚೆ ಒಂದನ್ನು ಕುಯ್ದು ಸಾರು ಮಾಡಿ, ಪುಕ್ಕ, ಕರುಳು ತಿಪ್ಪೆಗೆ ಹಾಕಿದ್ವಿ. ಇನ್ನೂ ಚೆನ್ನಾಗಿ ಕಾಣುತ್ತಿದ್ದ ಎರಡನ್ನು ಸಂತೆಗೆ ಒಯ್ದು ಮಾರಿದ್ವಿ. ಉಳಿದದ್ದು ಎರಡು. ಹದಿನೈದು ದಿನದಲ್ಲಿ ತಿಪ್ಪೆ ಕೆದರುವ ಪಕ್ಕದ ಮನೆ ಕೋಳಿಗಳೂ ಹೋದವು. ಸಂತೆಯಲ್ಲಿ ನಮ್ಮ ಎರಡು ಕೋಳಿ ಕೊಂಡವರ ಮನೇಲಿ ಏನಾಯ್ತೋ! ಇದನ್ನು ಬರೆಯೋಕೆ ನನಗೆ ನಾಚಿಕೆ ಆಗ್ತದೆ, ಆದರೂ ಬರೆದೆ.

ಇದು ಕೊಕ್ಕರೆ ರೋಗ. ಪುಸ್ತಕದಲ್ಲಿ ರಾಣಿಖೇತ್ ರೋಗ ಎನ್ನುತ್ತಾರೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, 1928ರ ಹೊತ್ತಿಗೆ ನಮ್ಮ ದೇಶದ ಹಿಮಾಲಯದ ಕಡೆಯ ರಾಣಿಖೇತ್ ಎಂಬ ಊರಿನಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು. ರೋಗಕ್ಕೆ ಕಾರಣ ವೈರಸ್. ಲಕ್ಷಣಗಳನ್ನು ನೆನಪಿಡಿ: ಹಸಿರು ಬಣ್ಣದ ನೀರು ನೀರಾದ ಹಿಕ್ಕೆ, ಬಾಯಿ ತೆರೆದು ಗೊರ ಗೊರ ಉಸಿರಾಟ, ಮೇವು ಬಿಡುವುದು, ಕಾಲು ರೆಕ್ಕೆ ಸ್ವಾಧೀನ ತಪ್ಪುವುದು, ಕುತ್ತಿಗೆ ತಿರುಚಿಕೊಳ್ಳುವುದು. ಕುತ್ತಿಗೆ ತಿರುಚಿದರೆ ಬಹುಪಾಲು ಇದೇ ರೋಗ.

ಹಾಗಾದರೆ ಅಜ್ಜಿ ಹೇಳಿದ ಬಿಸಿಲು? ನಮ್ಮ ಬಳ್ಳಾರಿ ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವುದು ನಿಜ. ಆದರೆ ನೆರಳು, ತಣ್ಣೀರು ಸಿಕ್ಕರೆ ಬಿಸಿಲಿನ ಕೋಳಿ ಸಾಮಾನ್ಯವಾಗಿ ಸಂಜೆಗೆ ಎದ್ದು ಮೇಯುತ್ತದೆ. ರೋಗದ ಕೋಳಿ ತಂಪು ಹೊತ್ತಿನಲ್ಲೂ ಮಂಕಾಗೇ ಇರುತ್ತದೆ. ಆದ್ದರಿಂದ ಬೆಳಿಗ್ಗೆ ಬುಟ್ಟಿ ಎತ್ತಿದಾಗಲೇ ನೋಡಬೇಕು. ಯಾವುದು ಓಡಿ ಬರಲಿಲ್ಲ? ಬುಟ್ಟಿ ಕೆಳಗಿನ ಹಿಕ್ಕೆ ಯಾವ ಬಣ್ಣ?

ಕೊಕ್ಕರೆ ರೋಗ ಬಂದ ಮೇಲೆ ಔಷಧಿ ಇಲ್ಲ. ನಾನು ಅಂಗಡಿಯ ಜ್ವರದ ಮಾತ್ರೆ ಕರಗಿಸಿ ಕುಡಿಸಿದ್ದೆ, ದಂಡವಾಯಿತು. ಆದರೆ ಮಂಕಾದ ಕೋಳಿಗೆಲ್ಲಾ ಇದೇ ರೋಗ ಅಂತ ಕೈ ಬಿಡಬಾರದು. ಪಿಳ್ಳೆಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು. ಒದ್ದೆ ನೆಲದಲ್ಲಿ ಹೆಚ್ಚು. ಅದಕ್ಕೆ ಔಷಧಿ ಉಂಟು. ಆಂಪ್ರೋಲಿಯಂ ಪುಡಿಯನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ನೀರಿಗೆ ಹಾಕಬೇಕು, ನೆಲ ಒಣಗಿಸಿ ಬೂದಿ ಹರಡಬೇಕು. ಜುಟ್ಟು, ಕಣ್ಣಿನ ಸುತ್ತ ಗಂಟು ಗಂಟಾಗಿ ಹಕ್ಕಳೆ ಕಟ್ಟಿದರೆ ಕೋಳಿ ಸಿಡುಬು. ಇದನ್ನು ಸೊಳ್ಳೆ ಹರಡುತ್ತದೆ. ಸಿರುಗುಪ್ಪದ ಕಡೆ ಭತ್ತದ ಗದ್ದೆಯ ಸೊಳ್ಳೆ ಬಗ್ಗೆ ನಾನು ಹೇಳಬೇಕೇ? ಹಕ್ಕಳೆ ಕೀಳದೆ ಅಯೋಡಿನ್ ಹಚ್ಚಬೇಕು, ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿಹೋದ ಕೋಳಿಗೆ ಕೈಯಿಂದ ತಿನ್ನಿಸಬೇಕು. ಹೆಚ್ಚಿನವು ಮೂರು ನಾಲ್ಕು ವಾರದಲ್ಲಿ ಗುಣವಾಗುತ್ತವೆ. ಬಾಯಿ ಒಳಗೆ ಹಳದಿ ಪೊರೆ ಕಟ್ಟಿದರೆ ಮಾತ್ರ ಕಷ್ಟ.

ಕೊಕ್ಕರೆ ರೋಗಕ್ಕೆ ಇರುವುದು ಒಂದೇ ದಾರಿ, ಮುಂಚೆಯೇ ಲಸಿಕೆ. ಪಿಳ್ಳೆಗೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರವಾದ ಮೇಲೆ ರೆಕ್ಕೆ ಅಡಿ ಚರ್ಮಕ್ಕೆ ಅರ್ಧ ಮಿಲಿಲೀಟರ್ ಸೂಜಿ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೂ ಈ ಲಸಿಕೆ ತಯಾರಾಗುತ್ತದೆ. ತೊಡಕು ಏನೆಂದರೆ ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಒಡೆದು ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಐಸಿನಲ್ಲಿಟ್ಟು ತರಬೇಕು, ಬಿಸಿಲು ತಾಗಿದರೆ ಕೆಲಸ ಮಾಡದು. ಎರಡು ಕೋಳಿ ಇರುವ ಮನೆಗಾಗಿ ಯಾರು ಸೀಸೆ ಒಡೆಯುತ್ತಾರೆ? ಓಣಿಯವರೆಲ್ಲಾ ಒಂದೇ ದಿನ, ಬೆಳಗಿನ ಜಾವ ಬುಟ್ಟಿ ಎತ್ತುವ ಮುಂಚೆ ಹಾಕಿಸಿದರೆ ಆಗುತ್ತದೆ. ರೋಗ ಬಂದ ಕೋಳಿಗೆ ಹಾಕಿಸಬಾರದು.

ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಟ್ಟಿ. ಸತ್ತದ್ದನ್ನು ತಿಪ್ಪೆಗೆ, ಕಾಲುವೆಗೆ ಎಸೆಯದೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಒಂದೆರಡು ದಿನದಲ್ಲೇ ಗುಂಪು ಗುಂಪಾಗಿ ಸತ್ತರೆ ಮುಟ್ಟಲೂ ಬೇಡಿ, ದನದ ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಫೋನ್ ಮಾಡಿ. 2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಾಗೆ ಸತ್ತ ಕೋಳಿಗಳಿಗೆ ಹಕ್ಕಿ ಜ್ವರ ಎಂದು ಗೊತ್ತಾಯಿತು. ಅದು ಮನುಷ್ಯರಿಗೂ ಬರಬಹುದು. ಕೊಕ್ಕರೆ ರೋಗವೋ ಹಕ್ಕಿ ಜ್ವರವೋ ಎಂದು ಬರಿಗಣ್ಣಿಗೆ ಹೇಳಲಾಗದು, ಪರೀಕ್ಷೆ ಆಗಬೇಕು.

ನಮ್ಮ ಓಣಿಯ ಕೋಳಿ ಎಣಿಸಿದೆ. ಪಿಳ್ಳೆ ಬಿಟ್ಟು 63 ಆದವು. ಸೀಸೆಗೆ ಇನ್ನೂ 37 ಬೇಕು. ಈ ಲೇಖನದ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಮನೇಲಿ ಕೇಳಿಕೊಂಡು ಬಂದು ನಿಮ್ಮ ಹೆಸರು, ಕೋಳಿ ಎಷ್ಟು ಎಂದು ಶನಿವಾರದೊಳಗೆ ಬರೆಯಿರಿ. ಪಿಳ್ಳೆಗಳಿದ್ದರೆ ಬೇರೆ ಬರೆಯಿರಿ, ಅವಕ್ಕೆ ಲಸಿಕೆ ಬೇರೆ.